ಅಮ್ರೀಕಿ ನಮ್ಮ ಬಾಗಿಲು ತಟ್ಟಿದ ದಿನ

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಇಂಗ್ಲಿಷ್ ಬರುತ್ತಿದ್ದುದು ನನಗೊಬ್ಬಳಿಗೇ. ನಗಬೇಡಿ ಮಕ್ಕಳೇ. ನೀವು ಈಗ ಅನ್ನ ಬೇಕಾ ಎಂದು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತೀರಿ. ಆಗ ಅದು ನನ್ನ ದೊಡ್ಡ ಜಂಬವಾಗಿತ್ತು. ನನ್ನ ಅಪ್ಪನಿಗೆ, ಅಂದರೆ ಉಪ್ಪನಿಗೆ, ಬ್ಯಾರಿ, ಕನ್ನಡ, ಹಿಂದಿ, ಕೆಲಸ ನಡೆಯುವಷ್ಟು ಅರಬಿ ಬರುತ್ತಿತ್ತು. ಉಮ್ಮನಿಗೆ ಬ್ಯಾರಿ, ಕನ್ನಡದ ಜೊತೆಗೆ ಸಿಟ್ಟು ಚೆನ್ನಾಗಿ ಬರುತ್ತಿತ್ತು. ಪರವೂರಿನವರು ಯಾರೇ ಬಾಗಿಲಿಗೆ ಬಂದರೂ ಉಮ್ಮ ನನ್ನನ್ನೇ ಮುಂದೆ ತಳ್ಳುತ್ತಿದ್ದಳು. ಆ ರಂಜಾನಿನ ಮಧ್ಯಾಹ್ನವೂ ತಳ್ಳಿದಳು. ಯಾಕಾದರೂ ಈ ಭಾಷೆ ಕಲಿತೆನೋ ಎಂದು ನನಗೆ ಅನಿಸಿದ್ದು ಅಂದು ಮಾತ್ರ.

ನಾವಿದ್ದದ್ದು ದುಬೈಯ ಅಲ್ ಮುರಕ್ಕಬಾತಿನ ಒಂದು ಹಳೆಯ ಕಟ್ಟಡದಲ್ಲಿ. ಒಂದು ಕೋಣೆ, ಒಂದು ಅಡುಗೆಮನೆ, ಕಿಟಕಿಯಲ್ಲಿ ಕೂತು ದಿನವಿಡೀ ಗೊರಗುಟ್ಟುವ ಏಸಿ. ಉಪ್ಪ ರಾಸ್ ಅಲ್ ಖೋರಿನ ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಗ್ಯಾರೇಜಿನ ಯಜಮಾನನನ್ನು ಎಲ್ಲರೂ ಅರ್ಬಾಬ್ ಎನ್ನುತ್ತಿದ್ದರು. ನಮ್ಮ ವೀಸಾ, ನಮ್ಮ ಕೋಣೆ, ನನ್ನ ಶಾಲೆ ಎಲ್ಲವೂ ಅವನು ಮನಸ್ಸು ಮಾಡಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಆ ಗ್ಯಾರೇಜಿನಲ್ಲಿ ಒಂದು ರೂಢಿಯಿತ್ತು. ರಿಪೇರಿಗೆ ಬಂದ ಗಾಡಿಯ ಕೀಯನ್ನು ಗಾಡಿಯಲ್ಲೇ ಬಿಡುವುದು. ಜಾಗ ಇಕ್ಕಟ್ಟು, ಯಾರಾದರೊಬ್ಬರು ಹಿಂದೆ ಮುಂದೆ ಮಾಡುತ್ತಲೇ ಇರಬೇಕಲ್ಲ. ಇನ್ನೊಂದು ರೂಢಿ ರಂಜಾನಿನದು. ಮಸೀದಿಯಿಂದ ಸಂಜೆಯ ಬಾಂಗ್ ಕೇಳಿತೆಂದರೆ ಕೈಯಲ್ಲಿದ್ದ ಸಾಮಾನು ಇದ್ದಲ್ಲೇ ಬಿಟ್ಟು ಎಲ್ಲರೂ ಉಪವಾಸ ಬಿಡಲು ಹಿಂದಿನ ಶೆಡ್ಡಿಗೆ ಓಡುವುದು. ಬೇಸಿಗೆಯ ರಂಜಾನು, ಬೆಂಕಿಯಂಥ ಬಿಸಿಲು, ಗುಟುಕು ನೀರಿಲ್ಲದೆ ಇಡೀ ದಿನ ಗ್ರೀಸಿನಲ್ಲಿ ಕೈ ಅದ್ದಿದವರು. ಅವರನ್ನು ದೂರಲು ನನಗಂತೂ ಬಾಯಿ ಬರುವುದಿಲ್ಲ.

ಒಂದು ಸಂಜೆ ಉಪ್ಪ ಒಬ್ಬ ಅಮೆರಿಕದವನ ದೊಡ್ಡ ಗಾಡಿಯ ಬ್ರೇಕ್ ಕೆಲಸ ಮುಗಿಸಿದ್ದರು. ಅವನನ್ನು ಗ್ಯಾರೇಜಿನವರೆಲ್ಲ ಅಮ್ರೀಕಿ ಎಂದೇ ಕರೆಯುತ್ತಿದ್ದರು. ಚಕ್ರ ಹಾಕಿ, ನಟ್ಟುಗಳನ್ನು ಬರಿಗೈಯಲ್ಲಿ ತಿರುಗಿಸಿ, ಜಾಕಿ ಇಳಿಸಿಯೂ ಆಗಿತ್ತು. ಪಾನಾ ಹಾಕಿ ನಟ್ಟು ಬಿಗಿ ಮಾಡುವುದೊಂದೇ ಬಾಕಿ. ಅಷ್ಟರಲ್ಲಿ ಬಾಂಗ್ ಆಯಿತು. ಇವರೆಲ್ಲ ಹಿಂದೆ ಖರ್ಜೂರ ತಿಂದು ಗಂಜಿ ಕುಡಿಯುತ್ತಿದ್ದಾಗ ಅಮ್ರೀಕಿ ತನ್ನ ಮಗನ ಜೊತೆ ಬಂದ. ಗಾಡಿ ನಾಲ್ಕು ಚಕ್ರದ ಮೇಲೆ ನಿಂತಿದೆ, ಕೀ ಒಳಗೇ ಇದೆ, ಅವನಿಗೋ ಅವಸರ. ಯಾರನ್ನೂ ಕೇಳದೆ ಹೊರಟೇಬಿಟ್ಟ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಮುಂದಿನ ಚಕ್ರ ಕಳಚಿತು. ಗಾಡಿ ಅಡ್ಡ ಎಳೆದು ಸೈಕಲ್ಲಿನಲ್ಲಿ ಹೋಗುತ್ತಿದ್ದ ಒಬ್ಬ ಪಠಾಣನಿಗೆ ಬಡಿಯಿತು. ಪಾಪ, ಅವನ ಕಾಲು ಮುರಿಯಿತು.

ಪೊಲೀಸರ ಮುಂದೆ ಅಮ್ರೀಕಿ ಹೇಳಿದ್ದು ಹೀಗೆ: ಕೆಲಸ ಮುಗಿಯಿತು ಎಂದು ಮೆಕ್ಯಾನಿಕ್ಕೇ ಹೇಳಿ ಕೀ ಕೊಟ್ಟ. ತಾನು ಕೊಡಲಿಲ್ಲ ಎಂದರು ಉಪ್ಪ. ನೋಡಿದವರು ಯಾರೂ ಇರಲಿಲ್ಲ. ಉಪ್ಪನನ್ನು ಒಳಗೆ ಹಾಕಿದರು. ಅರ್ಬಾಬ್ ಆಳು ಕಳಿಸಿ, ಕೇಸು ಮುಗಿದ ಕೂಡಲೇ ಎಲ್ಲರದ್ದೂ ವೀಸಾ ಕ್ಯಾನ್ಸಲ್, ಸಾಮಾನು ಕಟ್ಟಿಡಿ ಎಂದು ಹೇಳಿಸಿದ. ಉಮ್ಮ ಅಳುತ್ತಾ ಪಾತ್ರೆಗಳನ್ನು ರಟ್ಟಿನ ಡಬ್ಬಕ್ಕೆ ತುಂಬತೊಡಗಿದಳು. ಅಡುಗೆಗೆ ಬೇಕೆಂದು ಮತ್ತೆ ತೆಗೆಯುತ್ತಿದ್ದಳು, ಮತ್ತೆ ತುಂಬುತ್ತಿದ್ದಳು.

ಹಾಗಿರುವಾಗ ಒಂದು ಮಧ್ಯಾಹ್ನ ಬಾಗಿಲು ತಟ್ಟಿದ ಸದ್ದಾಯಿತು. ತೆರೆದರೆ, ಸ್ಟೇಷನಿನಲ್ಲಿ ನೋಡಿದ್ದ ಅಮ್ರೀಕಿ! ಗ್ಯಾರೇಜಿನಲ್ಲಿ ನಮ್ಮ ಮನೆ ಕೇಳಿಕೊಂಡು ಬಂದಿದ್ದನಂತೆ. ಅಂಗಿ ಬೆವರಿನಲ್ಲಿ ತೊಯ್ದು ಮೈಗೆ ಅಂಟಿತ್ತು. ಮುಖ ಕೆಂಪೇರಿತ್ತು. ಮನೆಗೆ ಬಂದವರಿಗೆ ನೀರು ಬೇಕಾ ಎಂದು ಕೇಳದ ಉಮ್ಮನನ್ನು ನಾನು ನೋಡಿದ್ದು ಅದೇ ಮೊದಲು.

ಅವನು ನನ್ನನ್ನು ನೋಡಿ ನಿಧಾನವಾಗಿ ಮಾತನಾಡಿದ. ನನಗೆ ಎಲ್ಲವೂ ಅರ್ಥವಾಯಿತು.

"ಎಂತ ಹೇಳ್ತಾನೆ ಇವ?" ಎಂದಳು ಉಮ್ಮ.

"ಸ್ಟೇಷನಿನಲ್ಲಿ ಸುಳ್ಳು ಹೇಳಿದೆ ಅಂತ ಹೇಳ್ತಾ ಇದ್ದಾನೆ ಉಮ್ಮ. ಉಪ್ಪ ಕೀ ಕೊಡ್ಲಿಲ್ವಂತೆ, ಇವನೇ ತಕೊಂಡು ಹೋದದ್ದಂತೆ."

ಉಮ್ಮ ಸೆರಗನ್ನು ತಲೆಯ ಮೇಲೆ ಬಿಗಿದುಕೊಂಡಳು. "ನನ್ನ ಹತ್ರ ಹೇಳಿ ಎಂತ ಪ್ರಯೋಜನ? ನಾನು ಪೊಲೀಸಾ? ಅಲ್ಲಿ ಹೋಗಿ ಹೇಳ್ಲಿಕ್ಕೆ ಹೇಳು."

ನಾನು ಹೇಳಿದೆ. ಅಮ್ರೀಕಿ ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತ. ಹೇಳಿದರೆ ತನ್ನನ್ನು ಹಿಡಿದು ಹಾಕುತ್ತಾರೆ, ಕೆಲಸ ಹೋಗುತ್ತದೆ, ಹೆಂಡತಿ ಮಗನ ಗತಿ ಏನು ಎಂದ. ನನಗೆ ತಲೆ ಕೆಟ್ಟುಹೋಯಿತು. ನಾವು ರಾತ್ರಿ ಮಲಗಿಕೊಂಡು ಗುಸುಗುಸು ಎನ್ನುತ್ತಿದ್ದ ಮಾತುಗಳೇ ಅವನ ಬಾಯಿಂದ ಬರುತ್ತಿದ್ದವು.

"ನನ್ನ ಗಂಡನನ್ನು ಹಿಡಿಯುವಾಗ ಇದೆಲ್ಲ ಇವನಿಗೆ ನೆನಪಾಗ್ಲಿಲ್ವಾ? ಕೇಳು ಅವನತ್ರ," ಎಂದಳು ಉಮ್ಮ. ಕೇಳಿದೆ. ದೊಡ್ಡವರೊಬ್ಬರಿಗೆ ಅಂಥ ಮಾತನ್ನು ನೆಲ ನೋಡಿಕೊಂಡೇ ಹೇಳಿದೆ.

ಅವನು, "ಗಾಡಿಯಲ್ಲಿ ನನ್ನ ಮಗ ಇದ್ದ. ಅವನಿಗೆ ಎಲ್ಲಾ ಗೊತ್ತು. ಅಂದಿನಿಂದ ಅವನು ನನ್ನ ಮುಖ ನೋಡುತ್ತಿಲ್ಲ," ಎಂದ. ಎದ್ದು ನಿಂತು, "ನಡೆಯಿರಿ," ಎಂದ.

ಮೂವರೂ ಟ್ಯಾಕ್ಸಿ ಹತ್ತಿದೆವು. ಇವನು ದಾರಿಯಲ್ಲಿ ಮನಸ್ಸು ಬದಲಿಸಿ ಇಳಿದುಬಿಟ್ಟರೆ ಎಂಬ ಹೆದರಿಕೆ ನನಗೆ. ಉಮ್ಮನಿಗೂ ಅದೇ ಹೆದರಿಕೆ ಇದ್ದಿರಬೇಕು, ಬಾಗಿಲಿನ ಹಿಡಿಯಿಂದ ಕಣ್ಣು ತೆಗೆಯಲಿಲ್ಲ. ಸ್ಟೇಷನಿನ ಬಾಗಿಲಲ್ಲಿ ಅವನು ನಿಜಕ್ಕೂ ನಿಂತುಬಿಟ್ಟ. ಆಮೇಲೆ ಒಳಗೆ ನಡೆದ.

ಅಧಿಕಾರಿಯೂ ಉಪವಾಸದಲ್ಲಿದ್ದ, ತುಟಿ ಒಣಗಿತ್ತು. ಅವನಿಗೆ ಇಂಗ್ಲಿಷ್ ಬರುತ್ತಿತ್ತು, ಸದ್ಯ ನಾನು ಬಚಾವಾದೆ. ಅಮ್ರೀಕಿ ಎಲ್ಲವನ್ನೂ ಬಿಡದೆ ಹೇಳಿದ. ಯಾರಾದರೂ ಹೆದರಿಸಿದರಾ, ಆಸೆ ತೋರಿಸಿದರಾ ಎಂದು ಅಧಿಕಾರಿ ತಿರುಗಿಸಿ ತಿರುಗಿಸಿ ಕೇಳಿದ. ಇಲ್ಲ ಎಂದ.

ಉಪ್ಪನನ್ನು ಕರೆತಂದರು. ಗಡ್ಡ ಬೆಳೆದಿತ್ತು, ಕಣ್ಣು ಗುಳಿಬಿದ್ದಿತ್ತು. ವಿಷಯ ತಿಳಿದ ಮೇಲೆ ಆ ಮಹಾರಾಯರು ಏನು ಮಾಡಿದರು ಗೊತ್ತಾ? ನಟ್ಟು ಬಿಗಿಯದೆ, ಕೀ ತೆಗೆಯದೆ ಊಟಕ್ಕೆ ಎದ್ದುಹೋದದ್ದು ತನ್ನದೂ ತಪ್ಪು ಎಂದು ಅರಬಿಯಲ್ಲಿ ಶುರುಮಾಡಿದರು! ಉಮ್ಮನಿಗೆ ಅರಬಿ ಬಾರದಿದ್ದರೂ ಗಂಡನ ಮುಖ ನೋಡಿಯೇ ಗೊತ್ತಾಗಿ, ರಟ್ಟೆಗೆ ಚಿವುಟಿದಳು. ಅಧಿಕಾರಿ ಕೈ ಎತ್ತಿ, "ಖಲಾಸ್! ಯಲ್ಲಾ, ಮನೆಗೆ ಹೋಗು," ಎಂದ.

ಉಪ್ಪ ಹೊರಬಂದ ಬಾಗಿಲಿನಿಂದಲೇ ಅಮ್ರೀಕಿಯನ್ನು ಒಳಗೆ ಕರೆದುಕೊಂಡು ಹೋದರು. ಹೋಗುವ ಮೊದಲು ಅವನು ಬಗ್ಗಿ, ತನ್ನ ಮಗನಿಗೆ ಹೇಳುತ್ತೀಯಾ ಎಂದು ನನ್ನನ್ನು ಕೇಳಿ ಮನೆಯ ಗುರುತು ಹೇಳಿದ. ಉಪ್ಪ ನನ್ನನ್ನು ನೇರವಾಗಿ ಅಲ್ಲಿಗೇ ಕರೆದೊಯ್ದರು. ಬಾಗಿಲು ತೆರೆದ ಹುಡುಗ ನನ್ನಷ್ಟೇ ಎತ್ತರವಿದ್ದ. ನಿನ್ನ ಅಪ್ಪ ನಿಜ ಹೇಳಿದರು, ಈಗ ಸ್ಟೇಷನಿನಲ್ಲಿದ್ದಾರೆ ಎಂದೆ. ಅವನು ಒಂದೇ ಒಂದು ಮಾತು ಕೇಳಿದ: "ಅವರಾಗಿಯೇ ಹೇಳಿದರಾ?" ಹೌದು ಎಂದೆ. ಹುಡುಗ ಅಳುತ್ತಾ ನಕ್ಕ. ನನಗೂ ಅಳು ಬಂತು.

ಅಮ್ರೀಕಿಯ ಕೆಲಸ ಹೋಯಿತು. ಬಿಡುಗಡೆಯಾಗಿ ಊರಿಗೆ ಹೊರಡುವವರೆಗೂ ಅವನು ದಿನಾ ಆಸ್ಪತ್ರೆಗೆ ಹೋಗಿ ಆ ಪಠಾಣನ ಪಕ್ಕ ಕೂರುತ್ತಿದ್ದನಂತೆ. ಪಠಾಣ ಎದ್ದು ಓಡಾಡಿದ, ಆದರೆ ಕುಂಟು ಉಳಿಯಿತು. ಅರ್ಬಾಬ್ ಮತ್ತೆ ವೀಸಾ ಕ್ಯಾನ್ಸಲಿನ ಮಾತೆತ್ತಲಿಲ್ಲ, ನಾವು ದುಬೈಯಲ್ಲೇ ಉಳಿದೆವು. ಹಾಗಾಗಿ ನೀವೂ ಇಲ್ಲಿದ್ದೀರಿ.

ನಿಮ್ಮ ಈ ಮಿರ್ದಿಫ್ ಬಡಾವಣೆಯಲ್ಲಿ ಗೇಟಿಗೊಂದು ಕ್ಯಾಮೆರಾ, ಬೆಲ್ಲಿಗೊಂದು ಕ್ಯಾಮೆರಾ, ಗಾಡಿಯ ಗಾಜಿಗೂ ಒಂದು. ಇಂದು ಅಂಥದ್ದು ನಡೆದಿದ್ದರೆ ಉಪ್ಪ ಒಂದು ಗಂಟೆಯೂ ಒಳಗಿರಬೇಕಾಗಿರಲಿಲ್ಲ. ಒಳ್ಳೆಯದೇ, ನಾನು ಬೇಡ ಎನ್ನುವುದಿಲ್ಲ. ಆದರೆ ನಿನ್ನೆ ಸಂಜೆ ಪಕ್ಕದ ವಿಲ್ಲಾದವರ ಗಾಡಿಯ ಕನ್ನಡಿಗೆ ಚೆಂಡು ಬಡಿದು ಒಡೆದಾಗ, ಅಲ್ಲಿ ಕ್ಯಾಮೆರಾ ಇದೆಯಾ ಎಂದು ಕತ್ತೆತ್ತಿ ನೋಡಿ, ಇಲ್ಲವೆಂದು ಗೊತ್ತಾದ ಮೇಲೆ ಚೆಂಡು ಎತ್ತಿಕೊಂಡು ಒಳಗೆ ಓಡಿಬಂದವರು ಯಾರು ಎಂದು ನಾನು ಹೆಸರು ಹೇಳುವುದಿಲ್ಲ. ಕಿಟಕಿಯಲ್ಲಿ ನಾನು ನಿಂತಿದ್ದೆ, ಅಷ್ಟೆ. ಹೋಗು, ಬೆಲ್ ಒತ್ತು. ನಾನು ಗೇಟಿನವರೆಗೆ ಜೊತೆಗೆ ಬರುತ್ತೇನೆ. ಮಾತು ಮಾತ್ರ ನಿನ್ನದೇ.