ಅರ್ಧಕ್ಕೆ ನಿಂತ ಸೋಬಾನೆ

ಎರಡು ವರ್ಷದ ಹಿಂದೆ, ಸಂಶೋಧನೆಯನ್ನು ಬಿಟ್ಟುಬಿಡುವುದೆಂದು ಮನಸ್ಸು ಮಾಡಿ ನಾನು ಮಾಯಸಂದ್ರದ ಹತ್ತಿರವಿರುವ ಸೋದರತ್ತೆಯ ಮನೆಗೆ ಹೋಗಿದ್ದೆ. ಚೀಲದಲ್ಲಿ ಯುರೋಪಿನ ತತ್ವಶಾಸ್ತ್ರದ ಒಂದು ದಪ್ಪ ಪುಸ್ತಕವಿತ್ತು. ಮನಸ್ಸು ಕಾಲವನ್ನು ಹೇಗೆ ಅರಿಯುತ್ತದೆ ಎಂಬುದರ ಮೇಲೆ ಬರೆದದ್ದು. ಅದರ ಇಂಗ್ಲಿಷ್ ಓದಲು ಬರುತ್ತಿತ್ತು, ಅರ್ಥ ಮಾತ್ರ ಒಳಗಿಳಿಯುತ್ತಿರಲಿಲ್ಲ.

ಮಧ್ಯಾಹ್ನ ಜಗಲಿಯಲ್ಲಿ ಕುಳಿತಿದ್ದೆ. ತೆಂಗಿನ ಗರಿಗಳ ನೆರಳು ಪುಟದ ಮೇಲೆ ಓಡಾಡಿ ಅಕ್ಷರಗಳೇ ತೇಲುತ್ತಿರುವಂತೆ ಕಾಣುತ್ತಿತ್ತು. ಅತ್ತೆ ಕೊಬ್ಬರಿ ಒಡೆಯುವುದನ್ನು ನಿಲ್ಲಿಸಿ ಕೇಳಿದರು: "ಆಗ್ಲಿಂದ ಒಂದೇ ಹಾಳೆ ನೋಡ್ತಿದ್ದೀಯಲ್ಲ, ಏನೈತೆ ಅದ್ರಲ್ಲಿ? ನಮ್ ಮಾತಲ್ಲಿ ಹೇಳೇ."

ತಡವರಿಸುತ್ತಾ ಹೇಳಿದೆ: "ಹಾಡು ಕೇಳೋವಾಗ, ಮುಗಿದುಹೋದ ಸ್ವರ ಇನ್ನೂ ನಮ್ಮೊಳಗೆ ಇರುತ್ತಂತೆ ಅತ್ತೆ. ಮುಂದೆ ಬರೋ ಸ್ವರಾನೂ ಆಗ್ಲೇ ಬಂದಿರುತ್ತಂತೆ."

ಅತ್ತೆ ಮದುವೆಮನೆಗಳಲ್ಲಿ ಸೋಬಾನೆ ಹೇಳುವವರು. ನಾನು ಚಿಕ್ಕಂದಿನಿಂದ ಕೇಳಿದ್ದ ಒಂದು ಹಾಡನ್ನು ಕಣ್ಣು ಮುಚ್ಚಿ ಎತ್ತಿಕೊಂಡವರು ಸಾಲಿನ ನಡುವೆಯೇ ನಿಲ್ಲಿಸಿಬಿಟ್ಟರು. ಅಂಗಳದಲ್ಲಿ ಸದ್ದೇ ಇರಲಿಲ್ಲ. ಅವರು ಹಾಡದೆ ಬಿಟ್ಟ ಅರ್ಧ ಸಾಲು ನನ್ನೊಳಗೆ ತಾನಾಗಿಯೇ ಕೇಳಿಸಿತು.

"ಇದೇ ಏನೇ ಅವ್ರು ಬರ್ದಿರೋದು?"

"ಇದೇ ಅತ್ತೆ," ಎಂದೆ. ನನ್ನ ಕಣ್ಣು ತುಂಬಿತ್ತು.

"ಹಂಗಾರೆ ಇಷ್ಟು ದಪ್ಪ ಯಾಕ್ ಬರ್ದವ್ರೆ?"

ಇಬ್ಬರೂ ನಕ್ಕೆವು. ಸಂಜೆಯವರೆಗೆ ಅವರಿಗೆ ಇನ್ನೆರಡು ಪುಟವನ್ನು ಕನ್ನಡದಲ್ಲಿ ಬಿಡಿಸಿ ಹೇಳಿದೆ. ಹೇಳುತ್ತಾ ಹೇಳುತ್ತಾ ನನಗೂ ತಿಳಿಯುತ್ತಾ ಬಂತು. ಮಾರನೆಯ ದಿನ ಅದೇ ಜಗಲಿಯಲ್ಲಿ ಕುಳಿತು ಪ್ರಬಂಧದ ಮೊದಲ ಪ್ಯಾರಾ ಬರೆದೆ, ಕನ್ನಡದಲ್ಲೇ.