ತಮ್ಮನಿಗಾಗಿ ಇಳಿಸಿದ ತೂಕ

ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅವಳನ್ನು ಎಲ್ಲರೂ ದೊಡ್ಡಕ್ಕ ಎಂದೇ ಕರೆಯುತ್ತಿದ್ದರು. ಅಡುಗೆಯವರಲ್ಲಿ ಹಿರಿಯಳು ಎಂಬುದು ಆ ಹೆಸರಿಗೆ ಅರ್ಧ ಕಾರಣ. ಉಳಿದರ್ಧ ಏನೆಂಬುದು ಅವಳು ಎರಡು ಒಲೆಗಳ ನಡುವಿನ ಸಂದಿಯಲ್ಲಿ ಅಡ್ಡಡ್ಡ ಜರುಗಿಕೊಂಡು ಹೋಗುವುದನ್ನು ನೋಡಿದವರಿಗೆಲ್ಲ ಗೊತ್ತಿತ್ತು. ಅವಳಿಗೂ ಗೊತ್ತಿತ್ತು. ಹೊಸಬರು ಯಾರಾದರೂ ಹಾಗೆ ಕರೆಯಲು ಹಿಂದೆಮುಂದೆ ನೋಡಿದರೆ, ತೂಕಕ್ಕೆ ತಕ್ಕ ಹೆಸರೇ ಇದೆ, ಧಾರಾಳವಾಗಿ ಕರೆಯಿರಿ ಎಂದು ತಾನೇ ನಕ್ಕುಬಿಡುತ್ತಿದ್ದಳು. ಹಾಗೆ ನಗುತ್ತಲೇ ಬದುಕಿದ್ದವಳು ಐವತ್ತನೆಯ ವಯಸ್ಸಿನಲ್ಲಿ ಮೊದಲ ಸಲ ತನ್ನ ಮೈಯನ್ನು ತಾನೇ ಶಪಿಸಿಕೊಂಡದ್ದು ಕಿಡ್ನಿ ಡಾಕ್ಟರ ಕೋಣೆಯಲ್ಲಿ.

ಅವಳ ತಮ್ಮನ ಎರಡೂ ಕಿಡ್ನಿ ಕೆಟ್ಟಿದ್ದವು. ತಮ್ಮನೆಂದರೆ ನಲವತ್ತು ದಾಟಿದವನು, ಹೊಲಿಗೆ ಯಂತ್ರ ರಿಪೇರಿ ಮಾಡುವವನು. ಆದರೂ ಅವಳಿಗೆ ಅವನು ಪುಟ್ಟನೇ. ಮದುವೆಯಾದ ಎರಡನೇ ವರ್ಷಕ್ಕೆ ಗಂಡ ಅವಳನ್ನು ಮನೆಯಿಂದ ಹೊರಗೆ ಹಾಕಿದಾಗ, ಇನ್ನೂ ಮೀಸೆ ಸರಿಯಾಗಿ ಮೂಡದ ಈ ಪುಟ್ಟನೇ ಬಾಡಿಗೆ ಗಾಡಿ ತಂದು, ಯಾರೊಂದಿಗೂ ಒಂದು ಮಾತೂ ಆಡದೆ, ಅವಳ ಪೆಟ್ಟಿಗೆ, ಹಾಸಿಗೆ, ಅವಳನ್ನೂ ಹತ್ತಿಸಿಕೊಂಡು ಬಂದಿದ್ದ. ಅಂದಿನಿಂದ ಅವಳು ಅವನ ಮನೆಯ ಮೇಲಿನ ಕೋಣೆಯಲ್ಲೇ ಇದ್ದಳು. ಕೆಳಗೆ ಅವನು, ಅವನ ಹೆಂಡತಿ. ಮಕ್ಕಳಿರಲಿಲ್ಲ. ರಸ್ತೆಗೆ ತೆರೆದ ಮುಂದಿನ ಕೋಣೆಯೇ ಅವನ ಅಂಗಡಿ. ಬೆಳಿಗ್ಗೆ ಮೆಟ್ಟಿಲಿಳಿಯುವಾಗ ಅವನು ಯಂತ್ರವೊಂದರ ಹೊಟ್ಟೆಗೆ ಎಣ್ಣೆ ಬಿಡುತ್ತ ಕೂತಿದ್ದರೆ ಅವಳಿಗೆ ದಿನ ಸರಿಯಾಗಿ ಶುರುವಾದಂತೆ.

ಈಗ ಆ ಅಂಗಡಿ ವಾರದಲ್ಲಿ ಮೂರು ದಿನ ಮುಚ್ಚಿರುತ್ತಿತ್ತು. ಆ ಮೂರು ದಿನ ಅವನು ಆಸ್ಪತ್ರೆಯಲ್ಲಿ ಡಯಾಲಿಸಿಸ್ ಯಂತ್ರಕ್ಕೆ ತೋಳು ಕೊಟ್ಟು ಮಲಗುತ್ತಿದ್ದ. ಕಿಡ್ನಿ ಕೊಡಲು ಹೆಂಡತಿಯ ರಕ್ತದ ಗುಂಪು ಹೊಂದಲಿಲ್ಲ. ಅಕ್ಕನದು ಹೊಂದಿತು. ಎಲ್ಲ ಪರೀಕ್ಷೆಗಳನ್ನೂ ಮುಗಿಸಿ ಡಾಕ್ಟರು ಕರೆಸಿದಾಗ ದೊಡ್ಡಕ್ಕ ಆಪರೇಷನ್ನಿನ ತಾರೀಖು ಹೇಳುತ್ತಾರೆಂದುಕೊಂಡೇ ಹೋಗಿದ್ದಳು. ಡಾಕ್ಟರು ಅವಳ ತೂಕದ ಮಾತೆತ್ತಿದರು. ಎಂಬತ್ತೊಂಬತ್ತು ಕೆಜಿ, ಅವಳ ಎತ್ತರಕ್ಕೆ ಅದು ತೀರಾ ಹೆಚ್ಚು. ಈ ಮೈಯಲ್ಲಿ ಕಿಡ್ನಿ ತೆಗೆದರೆ ಉಳಿಯುವ ಒಂದರ ಮೇಲೆ ಹೊರೆ ಬೀಳುತ್ತದೆ, ಹದಿಮೂರು ಕೆಜಿ ಇಳಿಸಿಕೊಂಡು ಬನ್ನಿ, ಆಮೇಲೆ ನೋಡೋಣ ಎಂದರು. ಕೊಡುವವಳು ತಾನು, ಕೊಡುತ್ತೇನೆ ಎನ್ನುತ್ತಿದ್ದೇನೆ, ಬೇಡ ಎನ್ನಲು ಇವರು ಯಾರು ಎಂದು ಅವಳಿಗೆ ಸಿಟ್ಟು ಬಂತು. ಆ ಸಿಟ್ಟು ಮೆಟ್ಟಿಲಿಳಿಯುವಷ್ಟರಲ್ಲಿ ತನ್ನ ಸೊಂಟದ ಮೇಲೆ, ತೋಳುಗಳ ಮೇಲೆ ತಿರುಗಿತು.

ಡಾಕ್ಟರು ಅವಳನ್ನು ಕೆಳಮಹಡಿಯ ಡಯಟಿಷಿಯನ್ ಹತ್ತಿರ ಕಳಿಸಿದ್ದರು. ಮಗಳ ವಯಸ್ಸಿನ ಹುಡುಗಿ, ಗಟ್ಟಿ ಧ್ವನಿ. ದಿನಕ್ಕೆ ಏನೇನು ತಿನ್ನುತ್ತೀರಿ ಎಂದು ಕೇಳಿದಳು. ತಾನು ಕೂತು ಉಣ್ಣುವುದು ಎರಡೇ ಹೊತ್ತು, ಅದೂ ಅಷ್ಟಕ್ಕಷ್ಟೇ ಎಂದಳು ದೊಡ್ಡಕ್ಕ. ಅದು ಸುಳ್ಳೇನೂ ಅಲ್ಲ.

"ಅಡುಗೆ ಮಾಡುವಾಗ ಉಪ್ಪು ನೋಡ್ತೀರಲ್ಲಮ್ಮ, ಎಷ್ಟು ಸಲ?" ಎಂದಳು ಹುಡುಗಿ.

"ಅದೂ ಲೆಕ್ಕಾನಾ?"

"ಗಂಟಲಿಂದ ಕೆಳಗೆ ಇಳಿದದ್ದೆಲ್ಲ ಲೆಕ್ಕಾನೇ."

ಹುಡುಗಿ ಒಂದೊಂದಾಗಿ ಬಿಡಿಸಿದಳು. ಬೇಳೆ ಬೆಂದಾಗ ಒಂದು ಸೌಟು, ತರಕಾರಿಗೆ ಎಣ್ಣೆ ಬಿದ್ದಾಗ ಒಂದು ಚಮಚ, ಕರಿದದ್ದು ಗರಿಯಾಗಿದೆಯೋ ಎಂದು ಒಂದು ತುಂಡು, ಪಾತ್ರೆ ತೊಳೆಯಲು ಹಾಕುವ ಮುನ್ನ ತಳದ್ದು ಹಾಳಾಗಬಾರದೆಂದು ಬಳಿದದ್ದು, ಸಕ್ಕರೆ ಜಾಸ್ತಿ ಹಾಕಿದ ಆರು ಲೋಟ ಚಹಾ. ಕೂತು ಉಂಡ ಊಟಕ್ಕಿಂತ ನಿಂತು ನೋಡಿದ ರುಚಿಯೇ ಹೆಚ್ಚಾಯಿತು. ದೊಡ್ಡಕ್ಕನಿಗೆ ನಾಚಿಕೆಯಾದರೂ ನಗು ತಡೆಯಲಾಗಲಿಲ್ಲ. ಹುಡುಗಿಯೂ ನಕ್ಕಳು. ಆಮೇಲೆ ವಿವರಿಸಿದಳು: ದಿನವಿಡೀ ನಿಂತು ಕೆಲಸ ಮಾಡುವ ನಿಮ್ಮ ಮೈ ದಿನಕ್ಕೆ ಸುಮಾರು ಎರಡು ಸಾವಿರದ ನೂರು ಕ್ಯಾಲೊರಿ ಸುಡುತ್ತದೆ, ಅದರಲ್ಲಿ ಐನೂರು ಕಡಿಮೆ ಮಾಡಿ, ಸಾವಿರದ ಆರುನೂರು ತಿನ್ನಿ, ಮೊಟ್ಟೆ, ಬೇಳೆ, ಮೊಸರು ಬಿಡಬೇಡಿ, ವಾರಕ್ಕೆ ಅರ್ಧ ಕೆಜಿಯಂತೆ ಆರು ತಿಂಗಳಿಗೆ ಇಳಿಯುತ್ತದೆ. ಸಾವಿರದ ಇನ್ನೂರಕ್ಕಿಂತ ಕೆಳಗೆ ಮಾತ್ರ ಯಾವ ಕಾರಣಕ್ಕೂ ಹೋಗಬೇಡಿ ಎಂದು ಎರಡೆರಡು ಸಲ ಹೇಳಿದಳು.

ದೊಡ್ಡಕ್ಕನ ಕಿವಿಗೆ ಬಿದ್ದದ್ದು ಆರು ತಿಂಗಳು ಎಂಬುದೊಂದೇ.

ಮೊದಲ ವಾರ ಅವಳು ಹುಡುಗಿ ಹೇಳಿದಂತೆಯೇ ಮಾಡಿದಳು. ಉಪ್ಪು ನೋಡುವ ಕೆಲಸವನ್ನು ತರಕಾರಿ ಹೆಚ್ಚುವವಳಿಗೆ ವಹಿಸಿದಳು. ಚಹಾಕ್ಕೆ ಸಕ್ಕರೆ ಬಿಟ್ಟಳು. ಮನೆಗೆ ಬಂದ ಕೂಡಲೇ ತಮ್ಮನ ಹೆಂಡತಿ ಬಾಗಿಲಲ್ಲೇ ನಿಂತು ಎಷ್ಟಾಯಿತು ಎಂದು ಕೇಳುತ್ತಿದ್ದಳು. ಅರ್ಧ ಕೆಜಿ ಎಂದಾಗ ಅವಳ ಮುಖ ಒಂದಿಷ್ಟು ಇಳಿಯಿತು; ಒಳ್ಳೆಯದೇ ಆಯಿತು ಎಂದಳು. ಒಳಗೆ ಗೋಡೆಗೆ ಒರಗಿ ಪುಟ್ಟ ಕೂತಿದ್ದ. ಕಾಲು ಊದಿತ್ತು, ಚರ್ಮ ಬೂದಿಯಂತಾಗಿತ್ತು. ಅವನಿಗೆ ಕುಡಿಯುವ ನೀರೂ ಅಳತೆಯದ್ದೇ. ಇಂಥವನ ಮುಂದೆ ಕೂತು ತಾನು ಮೊಟ್ಟೆ, ಮೊಸರು ಎಂದು ಸಾವಿರದ ಆರುನೂರು ತುಂಬಿಸಿಕೊಳ್ಳುವುದೆಂದರೇನು ಎಂದು ಅವಳು ತಟ್ಟೆ ಸರಿಸಿ ಎದ್ದಳು.

ಮೇಲಿನ ಕೋಣೆಯಲ್ಲಿ ಬೆರಳು ಮಡಿಸುತ್ತ ಲೆಕ್ಕ ಹಾಕಿದಳು. ಐನೂರು ಬಿಟ್ಟರೆ ವಾರಕ್ಕೆ ಅರ್ಧ ಕೆಜಿ. ಸಾವಿರ ಬಿಟ್ಟರೆ ಒಂದು. ಸಾವಿರದ ಐನೂರು ಬಿಟ್ಟರೆ ಒಂದೂವರೆ. ಹಾಗಾದರೆ ಆರುನೂರಲ್ಲಿ ಬದುಕಿದರೆ ಎರಡೇ ತಿಂಗಳಲ್ಲಿ ಕೆಲಸ ಮುಗಿಯುತ್ತದೆ. ಆರು ತಿಂಗಳನ್ನು ಎರಡಕ್ಕೆ ಇಳಿಸಲು ಹಸಿವೊಂದೇ ಬೇಕಾದರೆ ಹಸಿವೆಗೆ ತಾನು ಹೆದರುವವಳೇ ಎಂದುಕೊಂಡಳು. ಡಯಟಿಷಿಯನ್ ಹುಡುಗಿಗೆ ಏನು ಗೊತ್ತು, ಅವಳ ತಮ್ಮನೇನೂ ಸೂಜಿಗೆ ತೋಳು ಕೊಟ್ಟು ಮಲಗಿಲ್ಲವಲ್ಲ.

ಅಂದಿನಿಂದ ಬೆಳಿಗ್ಗೆ ಒಂದು ಲೋಟ ತೆಳು ಮಜ್ಜಿಗೆ, ಮಧ್ಯಾಹ್ನ ಎರಡು ಹಿಡಿ ಅನ್ನ, ಸಂಜೆ ಬೇಯಿಸಿದ ಸೋರೆಕಾಯಿ. ನೂರಾರು ಜನರಿಗೆ ಅನ್ನ ಬಸಿಯುವವಳು ಹಬೆಗೆ ಮುಖ ತಿರುಗಿಸಿಕೊಂಡು ನಿಲ್ಲುತ್ತಿದ್ದಳು. ತೂಕವೇನೋ ದಡದಡ ಇಳಿಯಿತು. ಪ್ರತಿ ವಾರ ತಮ್ಮನ ಹೆಂಡತಿಯ ಮುಖ ಅರಳಿತು. ರವಿಕೆಗಳು ಸಡಿಲವಾದವು. ಒಲೆಗಳ ಸಂದಿಯಲ್ಲಿ ನೇರ ನಡೆದು ಹೋದ ದಿನ ಅಡುಗೆಮನೆಯವರೆಲ್ಲ ಸೌಟಿನಿಂದ ಪಾತ್ರೆ ಬಡಿದು ಗಲಾಟೆ ಎಬ್ಬಿಸಿದರು. ಪುಟ್ಟ ಮಾತ್ರ ಒಂದು ಸಂಜೆ ಅವಳ ಮಣಿಕಟ್ಟು ಹಿಡಿದು ನೋಡಿ, ಕೈ ಯಾಕೆ ಇಷ್ಟು ತಣ್ಣಗಿದೆ ಎಂದು ಕೇಳಿದ. ಪಾತ್ರೆ ತೊಳೆದು ಬಂದೆ ಎಂದಳು.

ಕೈ ಯಾವಾಗಲೂ ತಣ್ಣಗಿರುತ್ತಿತ್ತು. ಬಾಚಣಿಗೆಯಲ್ಲಿ ಕೂದಲು ಗುಪ್ಪೆಯಾಗಿ ಬರುತ್ತಿತ್ತು. ಬಗ್ಗಿ ಎದ್ದರೆ ಗೋಡೆಗಳು ತಿರುಗುತ್ತಿದ್ದವು. ಬಲಗಡೆ ಪಕ್ಕೆಯ ಕೆಳಗೆ ಆಗಾಗ ಚೂರಿ ಆಡಿಸಿದಂತೆ ನೋವು ಬಂದರೆ ಅದು ಹಸಿವೆಯ ಸಂಕಟ ಎಂದು ನೀರು ಕುಡಿಯುತ್ತಿದ್ದಳು. ಇನ್ನು ಮೂರೇ ಕೆಜಿ ಉಳಿದಿದ್ದಾಗ, ಒಂದು ಮಧ್ಯಾಹ್ನ, ಬೇಳೆಯ ದೊಡ್ಡ ಪಾತ್ರೆ ಕೆದಕುತ್ತಿದ್ದವಳ ಕಣ್ಣಿಗೆ ಕತ್ತಲೆ ಕವಿಯಿತು. ಬಿದ್ದದ್ದು ಪಾತ್ರೆಯೊಳಗಲ್ಲ, ಪಕ್ಕಕ್ಕೆ, ಅಷ್ಟು ಪುಣ್ಯ. ತೋಳಿನ ಮೇಲೆ ಬೇಳೆ ಚೆಲ್ಲಿ ಮೊಣಕೈವರೆಗೆ ಬೊಬ್ಬೆ ಎದ್ದಿತು.

ತೋಳಿನ ಗಾಯಕ್ಕೆಂದು ಪುಟ್ಟನ ಡಯಾಲಿಸಿಸ್ ನಡೆಯುವ ಆಸ್ಪತ್ರೆಗೇ ಸೇರಿಸಿದಾಗ ಉಳಿದದ್ದೆಲ್ಲ ಬಯಲಾಯಿತು. ಪಿತ್ತಕೋಶದಲ್ಲಿ ಕಲ್ಲುಗಳಾಗಿದ್ದವು, ತೂಕ ತೀರಾ ಬೇಗ ಇಳಿದರೆ ಹೀಗಾಗುವುದುಂಟಂತೆ. ರಕ್ತ ನೀರಾಗಿತ್ತು. ಸ್ನಾಯುಗಳೂ ಕರಗಿದ್ದವು. ಕಿಡ್ನಿ ಡಾಕ್ಟರು ಅವಳ ಮಂಚದ ಪಕ್ಕ ಬಂದು ನಿಂತಾಗ ಅವಳು ಎದ್ದು ಕೂತು, ಇನ್ನು ಮೂರೇ ಕೆಜಿ ಸಾರ್ ಎಂದಳು. ಅವರು ಗದರಿಸಲಿಲ್ಲ. ಪಿತ್ತಕೋಶದ ಆಪರೇಷನ್ ಆಗಬೇಕು, ಗಾಯ ಮಾಯಬೇಕು, ರಕ್ತ ಕೂಡಬೇಕು, ಅಷ್ಟರವರೆಗೆ ನಿಮ್ಮಿಂದ ಏನನ್ನೂ ತೆಗೆಯುವ ಹಾಗಿಲ್ಲ, ಏನಿಲ್ಲವೆಂದರೂ ಏಳೆಂಟು ತಿಂಗಳಾಗುತ್ತದೆ ಎಂದರು.

ಮನೆಗೆ ಬಂದ ದಿನ ಮೇಲಿನ ಕೋಣೆಗೆ ಗಂಜಿ ತಂದಿಟ್ಟ ತಮ್ಮನ ಹೆಂಡತಿ ಕೆಳಗೆ ಹೋಗದೆ ಅಲ್ಲೇ ನಿಂತಳು.

"ಅವರು ಆರು ತಿಂಗಳು ಅಂದಿದ್ರು. ಆರು ತಿಂಗಳು ಕಾಯೋಕೆ ಆಗ್ಲಿಲ್ವಾ ಅತ್ತಿಗೆ ನಿಮಗೆ?"

ದಿನಾ ಬಾಗಿಲಲ್ಲಿ ನಿಂತು ಎಷ್ಟಾಯಿತು ಎಂದು ಕೇಳುತ್ತಿದ್ದವಳು ನೀನೇ ಅಲ್ಲವೇ ಎಂಬ ಮಾತು ದೊಡ್ಡಕ್ಕನ ತುಟಿಯವರೆಗೆ ಬಂತು. ನುಂಗಿಕೊಂಡಳು. ಅವಳು ಕೇಳಿದ್ದು ಆಸೆಯಿಂದ; ಹಸಿದದ್ದು ತನ್ನ ಹಟದಿಂದ. ಅಂಗಡಿಯಿಂದ ಪುಟ್ಟ ನಿಧಾನಕ್ಕೆ ಒಂದೊಂದೇ ಮೆಟ್ಟಿಲು ಹತ್ತಿ ಬಂದು, ಹೆಂಡತಿಯನ್ನು ಕೆಳಗೆ ಕಳಿಸಿ, ಅಕ್ಕನ ಕಾಲ ಹತ್ತಿರ ಕೂತ. ಗಂಜಿಯ ಬಟ್ಟಲನ್ನು ಅವಳ ಮುಂದಕ್ಕೆ ಸರಿಸಿದ.

"ಒಬ್ಬರು ಮಲಗಿದ್ದು ಸಾಲದಾ ಅಕ್ಕ? ಉಣ್ಣು," ಎಂದ.

ಅವಳು ಉಂಡಳು. ಉಪ್ಪಿತ್ತೋ ಇರಲಿಲ್ಲವೋ ತಿಳಿಯಲಿಲ್ಲ.

ಆಮೇಲಿನದ್ದನ್ನೆಲ್ಲ ಅವಳು ನಿಯಮ ತಪ್ಪದೆ ಮಾಡಿದಳು. ಪಿತ್ತಕೋಶ ತೆಗೆಸಿಕೊಂಡಳು. ಹಸಿದ ಮೈಗೆ ಅನ್ನ ಸಿಕ್ಕಿದ್ದೇ ತಡ ಕಳೆದದ್ದರಲ್ಲಿ ಮುಕ್ಕಾಲು ಪಾಲು ಮತ್ತೆ ಮೈಗೆ ಹತ್ತಿತು. ಡಯಟಿಷಿಯನ್ ಹುಡುಗಿಯ ಮುಂದೆ ತಲೆ ತಗ್ಗಿಸಿ ಕೂತು ಮೊದಲಿನಿಂದ ಹೇಳಿಸಿಕೊಂಡಳು. ಮತ್ತದೇ ಸಾವಿರದ ಆರುನೂರು. ಮೊಟ್ಟೆ, ಬೇಳೆ, ಮೊಸರು, ಅಳೆದ ಎಣ್ಣೆ, ಸಂಜೆಯ ನಡಿಗೆ. ತೂಕ ಆಮೆಯಂತೆ ಇಳಿಯಿತು, ಆದರೆ ಇಳಿಯಿತು. ತಲೆ ತಿರುಗಲಿಲ್ಲ, ಕೈ ತಣ್ಣಗಾಗಲಿಲ್ಲ. ಮೊದಲೇ ಹೀಗೆ ಮಾಡಿದ್ದರೆ ಈ ಹೊತ್ತಿಗೆ ಎಲ್ಲ ಮುಗಿದು ಪುಟ್ಟನೂ ಹೊಟ್ಟೆ ತುಂಬ ನೀರು ಕುಡಿಯುತ್ತಿದ್ದ ಎಂಬ ಯೋಚನೆ ನಡೆಯುವಾಗಲೆಲ್ಲ ಜೊತೆಗೇ ನಡೆಯುತ್ತಿತ್ತು.

ತೂಕ ಹೇಳಿದಲ್ಲಿಗೆ ಬಂದ ವಾರವೇ ಡಾಕ್ಟರು ಇಬ್ಬರನ್ನೂ ಕರೆಸಿದರು. ಅವಳ ವರದಿಗಳನ್ನು ನೋಡಿ ಎಲ್ಲ ಚೆನ್ನಾಗಿದೆ ಎಂದರು. ಪುಟ್ಟನ ಹೃದಯದ ವರದಿಯನ್ನು ಮಾತ್ರ ಎರಡೆರಡು ಸಲ ತಿರುವಿ ನೋಡಿದರು. ಇಷ್ಟು ದಿನದ ಡಯಾಲಿಸಿಸಿಗೆ ಅವನ ಹೃದಯ ಸೋತಿತ್ತು. ದೊಡ್ಡ ಆಪರೇಷನ್ ತಡೆಯುವ ಸ್ಥಿತಿಯಲ್ಲಿ ಈಗ ಇರಲಿಲ್ಲ. ಔಷಧಿ ಕೊಟ್ಟು ನೋಡೋಣ, ಸುಧಾರಿಸಿದರೆ ಮಾಡೋಣ ಎಂದರು. ಸುಧಾರಿಸಲಿಲ್ಲ. ಮುಂದಿನ ಬೇಸಿಗೆಗೆ ಮುಂಚೆ, ಡಯಾಲಿಸಿಸ್ ಮುಗಿಸಿ ಬಂದು ಅಂಗಡಿಯ ಕುರ್ಚಿಯಲ್ಲಿ ಕೂತವನು ಮತ್ತೆ ಏಳಲಿಲ್ಲ.

ದೊಡ್ಡಕ್ಕ ಕೆಲಸಕ್ಕೆ ಮರಳಿ ಕೆಲವು ದಿನಗಳಾಗಿದ್ದವು. ಪ್ಯಾಕಿಂಗ್ ವಿಭಾಗಕ್ಕೆ ಹೊಸದಾಗಿ ಸೇರಿದ್ದ ಹೆಂಗಸೊಬ್ಬಳು ಊಟದ ತಟ್ಟೆ ಹಿಡಿದುಕೊಂಡೇ ಬಡಿಸುವ ಕಿಟಕಿಯ ಹತ್ತಿರ ನಿಂತಳು. ನೀವು ಮೊದಲು ತುಂಬಾ ದಪ್ಪ ಇದ್ದಿರಂತೆ, ಹೇಗೆ ಇಳಿಸಿದಿರಿ, ನನಗೂ ಹೇಳಿಕೊಡಿ ಎಂದು ಅಂಗಲಾಚಿದಳು. ಒಳಗಿದ್ದವರು ಕೆಲಸ ನಿಲ್ಲಿಸಿ ಬೇರೆ ಕಡೆ ನೋಡಿದರು. ದೊಡ್ಡಕ್ಕ ಸೌಟು ಕೆಳಗಿಟ್ಟು ಅವಳ ವಯಸ್ಸು ಕೇಳಿದಳು, ತೂಕ ಕೇಳಿದಳು, ದಿನವಿಡೀ ನಿಂತಿರುತ್ತೀಯೋ ಕೂತಿರುತ್ತೀಯೋ ಎಂದು ಕೇಳಿದಳು. ಎಷ್ಟು ತಿನ್ನಬೇಕು, ಎಷ್ಟಕ್ಕಿಂತ ಕೆಳಗೆ ಹೋಗಬಾರದು, ಎಲ್ಲವನ್ನೂ ಬಿಡಿಸಿ ಹೇಳಿದಳು. ಇಷ್ಟು ನಿಧಾನವಾದರೆ ವರ್ಷವೇ ಹಿಡಿಯುತ್ತದಲ್ಲ ಎಂದು ಆ ಹೆಂಗಸು ಮುಖ ಸಣ್ಣ ಮಾಡಿದಳು.

"ಹಿಡೀಲಿ," ಎಂದಳು ದೊಡ್ಡಕ್ಕ. "ನಿಂಗೇನು ಅವಸರ."

ಸಂಜೆ ಮನೆಗೆ ಬಂದರೆ ಅಂಗಡಿಯ ಬಾಗಿಲು ಎಳೆದಿತ್ತು. ತಮ್ಮನ ಹೆಂಡತಿ ಮೂವರಿಗಾಗುವಷ್ಟು ಅನ್ನ ಮಾಡಿಟ್ಟಿದ್ದಳು. ಇಬ್ಬರ ಅಳತೆ ಅವಳ ಕೈಗೆ ಇನ್ನೂ ಹೊಂದಿರಲಿಲ್ಲ. ಇಬ್ಬರೂ ಎದುರುಬದುರು ಕೂತರು. ಒಬ್ಬರಿಗೊಬ್ಬರು ಬಡಿಸಿಕೊಂಡರು. ಸ್ವಲ್ಪ ಹೊತ್ತು ಕಲಸುತ್ತ ಕೂತಿದ್ದು, ತಟ್ಟೆಗಳನ್ನು ಹಾಗೆಯೇ ಮುಚ್ಚಿಟ್ಟು ಎದ್ದರು.