ಅಟ್ಟದ ಮೇಲೆ ಬೆಳೆದ ನಾಯಿಮರಿ

ಹೊನ್ನವಳ್ಳಿ ಕಡೆಯ ನಮ್ಮ ಊರಿನಲ್ಲಿ ನಾಯಿಮರಿಗೆ ಸೂಜಿ ಹಾಕಿಸಿದವರಲ್ಲಿ ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ನಮ್ಮ ಮನೆಯಲ್ಲಿ ಹೈಸ್ಕೂಲು ದಾಟಿದವರೇ ಇರಲಿಲ್ಲ. ನಾನು ದಿನಾ ತಿಪಟೂರಿಗೆ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿ ಬಿ.ಎಸ್ಸಿ. ಮುಗಿಸಿದ್ದೆ. ಅದು ಎಂಬತ್ತರ ದಶಕ. ಡಿಗ್ರಿ ಬಂದಿತ್ತು, ಕೆಲಸ ಬಂದಿರಲಿಲ್ಲ. "ಹೆಣ್ಮಗ ಓದಿ ಏನ್ ಕಡಿದ್ಲು?" ಎಂದು ಬೀದಿಯವರು ನನ್ನೆದುರಿಗೇ ಕೇಳುತ್ತಿದ್ದರು.

ಆಗ ಅಪ್ಪ ತೋಟದ ಕಾವಲಿಗೆಂದು ಕಂದು ಬಣ್ಣದ ಮರಿಯೊಂದನ್ನು ಟವೆಲ್ಲಿನಲ್ಲಿ ಸುತ್ತಿ ತಂದರು. ಅದಕ್ಕಿಂತ ಮುಂಚಿನ ಎರಡು ಮರಿಗಳೂ ಮೂಗು ಸೋರಿ, ಜ್ವರ ಬಂದು, ಕೊನೆಗೆ ಕಾಲು ನಡುಗಿ ಸತ್ತಿದ್ದವು. ರೋಗ ತಾಗದಿರಲೆಂದು ಮರಿಯ ಹಣೆಗೆ ಕಾದ ಕುಡುಗೋಲಿನ ತುದಿಯಿಂದ ಬರೆ ಹಾಕುವುದು ನಮ್ಮ ಮನೆಯ ರೂಢಿ. ಅಪ್ಪ ಬಂದವರೇ ಕುಡುಗೋಲನ್ನು ಒಲೆಗಿಟ್ಟರು.

ನಾನು ಮರಿಯನ್ನು ಎತ್ತಿಕೊಂಡೆ. "ಹಿಂದಿನ ಎರಡಕ್ಕೂ ಬರೆ ಹಾಕಿದ್ಯಲ್ಲಪ್ಪ, ಉಳ್ಕಂಡ್ವಾ?"

"ಮತ್ತಿನ್ನೇನ್ ಮಾಡಣ ಅಂತೀಯವ್ವ?"

"ತಿಪಟೂರಿನ ದನದ ಆಸ್ಪತ್ರೇಲಿ ಸೂಜಿ ಹಾಕ್ತಾರೆ."

"ನಾಯಿಗೆ ಸೂಜಿಯಂತೆ!" ಎಂದು ಅವ್ವ ನಕ್ಕಳು. ಅಪ್ಪ ನಗಲಿಲ್ಲ. ಕುಡುಗೋಲನ್ನು ಹೊರಗೆಳೆದು ನೀರಿಗೆ ಅದ್ದಿದರು. "ಈ ಸಲ ನಿನ್ ಮಾತೇ ಆಗ್ಲಿ. ಇದೂ ಹೋದ್ರೆ ಇನ್ನೊಂದು ಮರಿ ತರಕಿಲ್ಲ, ನಿನ್ ಮಾತೂ ಕೇಳಕಿಲ್ಲ."

ಮಾರನೆಯ ದಿನ ಮರಿಯನ್ನು ಬುಟ್ಟಿಯಲ್ಲಿಟ್ಟು ಬಸ್ಸು ಹತ್ತಿದೆ. ಕಂಡಕ್ಟರ್ "ಕೋಳಿನೇನವ್ವ?" ಎಂದ. ಬುಟ್ಟಿಯೇ ಕುಂಯ್ ಎಂದು ಉತ್ತರ ಕೊಟ್ಟಿತು.

ಡಾಕ್ಟರು ಸೂಜಿ ಹಾಕಿ, ಎರಡನೆಯದಕ್ಕೆ ಯಾವಾಗ ಬರಬೇಕೆಂದು ಹೇಳಿದರು. ಹುಚ್ಚುನಾಯಿ ರೋಗದ್ದು ಬೇರೆ, ಅದನ್ನು ಮರಿ ಇನ್ನಷ್ಟು ಬೆಳೆದ ಮೇಲೆ ಹಾಕಬೇಕು ಎಂದರು. "ಅಲ್ಲಿವರೆಗೂ ಬೇರೆ ನಾಯಿ ಹತ್ರ ಬಿಡಬೇಡಿ. ಒಂದು ಸೂಜಿಗೇ ಎಲ್ಲ ಮುಗೀತು ಅನ್ಕೋಬೇಡಿ."

ಬೇರೆ ನಾಯಿ ಸೋಕದ ಹಾಗೆ ಇಡುವುದೆಲ್ಲಿ? ನಮ್ಮ ಹಟ್ಟಿಗೆ ಬಾಗಿಲೇ ಇಲ್ಲ, ಬೀದಿನಾಯಿಗಳೆಲ್ಲ ನೆಂಟರ ಹಾಗೆ ಬಂದು ಹೋಗುತ್ತವೆ. ಉಳಿದದ್ದು ಅಟ್ಟವೊಂದೇ. ನಮ್ಮ ಸೀಮೆಯಲ್ಲಿ ತೆಂಗಿನಕಾಯಿಯನ್ನು ಅಟ್ಟಕ್ಕೇರಿಸಿದರೆ, ನೀರು ಇಂಗಿ ಕೊಬ್ಬರಿಯಾಗುವ ತನಕ ಹೆಚ್ಚುಕಡಿಮೆ ಒಂದು ವರ್ಷ ಅಲುಗಿಸುವುದಿಲ್ಲ. ಕಾಲು ತೊಳೆಯದೆ ಯಾರೂ ಹತ್ತುವುದೂ ಇಲ್ಲ.

"ಅಟ್ಟದ್ ಮ್ಯಾಲೆ ನಾಯಿನಾ? ಲಕ್ಷ್ಮಿ ಇರೋ ಜಾಗ ಕಣೇ ಅದು! ಉಚ್ಚೆ ಉಯ್ದು ಕೊಬ್ರಿ ಕೊಳೆಸಿದ್ರೆ?" ಎಂದು ಅವ್ವ ಕೂಗಾಡಿದಳು.

ಅಪ್ಪ ತೆಂಗಿನ ಗರಿಯ ತಟ್ಟಿ ಹೆಣೆದು ಅಟ್ಟದ ಒಂದು ಮೂಲೆಯನ್ನು ಬೇರೆ ಮಾಡಿದರು. ಕೆಳಗೆ ದಪ್ಪ ಹಲಗೆ, ಅದರ ಮೇಲೆ ಬೂದಿ, ಗೋಣಿತಾಟು. ಬೂದಿ ಬದಲಿಸುವ ಕೆಲಸ ನನ್ನದು. ಅವ್ವನ ಬಾಯಿ ಮಾತ್ರ ನಿಲ್ಲಲಿಲ್ಲ. ಆದರೆ ಹೊರಗಿನಿಂದ ಬಂದವರು ಏಣಿಗೆ ಕೈಯಿಟ್ಟರೆ, "ಕಾಲು ತೊಳಕಂಡು ಹತ್ರೋ, ಮರಿ ಐತೆ" ಎಂದು ಗದರುತ್ತಿದ್ದವಳೂ ಅವಳೇ.

ಎರಡನೆಯ ಸೂಜಿಯೂ ಆಯಿತು. ಅಷ್ಟರಲ್ಲಿ ಬೀದಿಗೆ ಆ ರೋಗ ಬಂದೇಬಿಟ್ಟಿತು. ಪಕ್ಕದ ಮನೆಯ ನಾಯಿ ನಡುಗುತ್ತಾ ಬಿತ್ತು, ಎದುರು ಮನೆಯದೂ ಹೋಯಿತು. ಒಂದು ಬೆಳಿಗ್ಗೆ ನಮ್ಮ ಮರಿ ಹಾಲು ಮುಟ್ಟಲಿಲ್ಲ. ಅಪ್ಪನನ್ನು ಕೂಗಿದೆ. ಅಪ್ಪ ಅಟ್ಟಕ್ಕೆ ಹತ್ತಿ ಮೂಗು ಮುಟ್ಟಿ ನೋಡಿದರು, ತಟ್ಟಿಯ ಸಂದು ನೋಡಿದರು, ನಕ್ಕುಬಿಟ್ಟರು. ಒಡೆದ ಕಾಯೊಂದನ್ನು ಒಳಗೆಳೆದುಕೊಂಡು ಹೊಟ್ಟೆ ಬಿರಿಯುವಷ್ಟು ಕೊಬ್ಬರಿ ತಿಂದಿತ್ತು ಕಳ್ಳಮುಂಡೇದು! ಸಂಜೆಗೆ ತಾನೇ ಹಾಲು ಕೇಳಿತು.

ರೋಗ ಬೀದಿ ದಾಟಿ ಹೋಯಿತು. ಹುಚ್ಚುನಾಯಿ ರೋಗದ ಸೂಜಿಯನ್ನೂ ಹಾಕಿಸಿದ ಮೇಲೆ ಮರಿಯನ್ನು ಅಟ್ಟದಿಂದ ಇಳಿಸಿದೆವು. ಅದು ತೋಟದಲ್ಲಿ ಓಡಾಡುವುದನ್ನು ನೋಡಿ, ಪಕ್ಕದ ಮನೆಯವರು ಹೊಸ ಮರಿಯನ್ನು ಮಡಿಲಲ್ಲಿಟ್ಟುಕೊಂಡು ನಮ್ಮ ಜಗಲಿಗೆ ಬಂದರು. ಓದಿ ಏನು ಕಡಿದಳು ಎಂದವರೇ ಅವರು.

"ಯಾವಾಗ ಕರ್ಕಂಡೋಗ್ಬೇಕು ಗೌಡ್ರೇ, ಎಷ್ಟು ಸೂಜಿ?" ಎಂದು ಅಪ್ಪನನ್ನು ಕೇಳಿದರು.

ಅಪ್ಪ ಎಲೆಗೆ ಸುಣ್ಣ ಸವರುತ್ತಲೇ ಇದ್ದರು. "ನನ್ನೇನ್ ಕೇಳ್ತೀರಿ? ಅವ್ಳುನ್ ಕೇಳಿ, ಓದಿರೋಳು ಅವ್ಳು."

ಮುಂದೆ ನನಗೆ ಕೆಲಸ ಸಿಕ್ಕಿತು, ಜನ ಹೊಗಳಿದರು. ಆದರೆ ಅಪ್ಪ ಆ ಮಾತು ಹೇಳಿದ ಸಂಜೆಯೇ ನನ್ನ ಡಿಗ್ರಿ ನಿಜವಾಗಿ ಕೈಗೆ ಬಂದದ್ದು.